ಒಂದೇ ಕಂಪೌಂಡು, ಎರಡು ಬಡ್ಡಿ

ನಮ್ಮ ಮನೆಗೂ ಪಕ್ಕದ ಮಾಸ್ತರ ಮನೆಗೂ ನಡುವೆ ಎದೆಮಟ್ಟದ ಒಂದು ಕಂಪೌಂಡ್ ಗೋಡೆ ಇದೆ. ಅವರ ಕಡೆಯಿಂದ ನೋಡಿದರೆ ನುಣ್ಣನೆ ಗಿಲಾವು, ಮೇಲೆ ಹಳದಿ ಬಣ್ಣ. ನಮ್ಮ ಕಡೆಯಿಂದ ನೋಡಿದರೆ ಬರೀ ಇಟ್ಟಿಗೆ. ಸಂದಿಯಲ್ಲಿ ಸಿಮೆಂಟು ಹೊರಗೆ ಉಕ್ಕಿ ಹಾಗೇ ಒಣಗಿಕೊಂಡಿದೆ. ಮನೆಗೆ ಬಂದವರು "ಇದೊಂದು ಯಾಕ್ರೀ ಹಿಂಗ ಬಿಟ್ರಿ?" ಅಂತ ಕೇಳುತ್ತಾರೆ. "ಅಮೆರಿಕಾದಾಗ ಒಂದು ಬ್ಯಾಂಕ್ ಮುಳುಗಿತ್ತಲ್ರೀ, ಅದಕ್ಕ" ಅನ್ನುತ್ತೇನೆ. ಅವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅದು ಪೂರ್ತಿ ಜೋಕಲ್ಲ.

ಲೆಕ್ಕ ಸರಿಯಾಗಿ ಹೇಳಬೇಕೆಂದರೆ ನಮ್ಮ ಗಿಲಾವು ನಿಂತದ್ದು ಆ ಬ್ಯಾಂಕು ಮುಳುಗುವುದಕ್ಕೆ ಒಂದು ತಿಂಗಳು ಮೊದಲೇ. ಅದನ್ನೂ ಹೇಳುತ್ತೇನೆ.

ಗೋಪನಕೊಪ್ಪದ ಆಚೆ ಮೂವತ್ತು-ನಲವತ್ತರ ಪ್ಲಾಟು. ಅಪ್ಪ ತೊಂಬತ್ತರ ದಶಕದಲ್ಲಿ ತಗೊಂಡಿಟ್ಟಿದ್ದರು. ಅವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು. ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಒಂದಷ್ಟು, ನನ್ನ ಹೆಸರಿನಲ್ಲಿ ಬ್ಯಾಂಕ್ ಸಾಲ 8 ಲಕ್ಷ. 2006ರಲ್ಲಿ ಬಡ್ಡಿ ನೂರಕ್ಕೆ 8.5, ಅವಧಿ 20 ವರ್ಷ, ತಿಂಗಳ ಕಂತು 6,943 ರೂಪಾಯಿ. ಆ ನಂಬರು ಈಗಲೂ ನನಗೆ ಬಾಯಿಪಾಠ. ಒಂದು ಖಾಸಗಿ ಅಂಗಡಿಯಲ್ಲಿ ಅಕೌಂಟ್ಸ್ ಬರೆಯುತ್ತಿದ್ದ ನನಗೆ ಆಗ ಅದು ಸಂಬಳದ ಅರ್ಧ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದಿದ್ದ ತಮ್ಮ ತಿಂಗಳಿಗೆ ಮೂರು ಸಾವಿರ ಕಳಿಸುತ್ತಿದ್ದ. ಅದನ್ನು ನಂಬಿಯೇ ಸಹಿ ಹಾಕಿದ್ದು.

ಬದಲಾಗುವ ಬಡ್ಡಿ ಬೇಕೋ, ಬದಲಾಗದ ಬಡ್ಡಿ ಬೇಕೋ ಅಂತ ಬ್ಯಾಂಕಿನಲ್ಲಿ ಕೇಳಿದರು. ನನಗೇನು ಗೊತ್ತು? "ಫ್ಲೋಟಿಂಗ್ ತಗೋರಿ, ಬಡ್ಡಿ ಇಳದಾಗ ನಿಮಗ ಲಾಭ" ಅಂದರು. ಏರಿದಾಗ ಏನು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಮ್ಮ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕೈ ಹೋಗುವಷ್ಟು ಬಾಯಿ ತೆರೆಯುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ಮನೆ ಕಟ್ಟಿದರೆ ಮನೆಯೂ ಅದರ ಜೊತೆ ಉಸಿರಾಡುತ್ತದೆ. ಗರಸು ಸಿಗುವ ತನಕ ಪಾಯ ಅಗೆಯಬೇಕು. ಗೌಂಡಿ ಐದು ಫೂಟು ಅಂದಿದ್ದ. ಎಂಟು ಫೂಟಿಗೆ ಹೋದರೂ ಕರಿ ಮಣ್ಣೇ. ಅಪ್ಪ ಪಾಯದ ಅಂಚಿನಲ್ಲಿ ಕೊಡೆ ಹಿಡಿದು ನಿಂತು, "ಇನ್ನ ಎಷ್ಟು ರೊಕ್ಕ ನುಂಗತೈತೋ ಏನೋ ಇದು" ಅಂತ ಮಣ್ಣಿಗೇ ಬೈಯುತ್ತಿದ್ದರು. ಮನೆಗೆ ಅಂತ ಲೆಕ್ಕ ಹಾಕಿದ್ದ ದುಡ್ಡಿನ ದೊಡ್ಡ ಪಾಲು ಹೀಗೆ ನೆಲದೊಳಗೇ ಹೋಯಿತು. 2007ರಲ್ಲಿ ವಾಸ್ತುಶಾಂತಿ ಮಾಡಿ ಒಳಗೆ ಬಂದೆವು. ಕಂಪೌಂಡು ಮಾತ್ರ ಮುಂದಿನ ಬೇಸಿಗೆಗೆ ಅಂತ ಉಳಿಯಿತು.

ಆ ಮುಂದಿನ ಬೇಸಿಗೆ ಅಂದರೆ 2008. ಕಚ್ಚಾ ತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿದ ವರ್ಷ. ಸಗಟು ಬೆಲೆಯ ಹಣದುಬ್ಬರ ನೂರಕ್ಕೆ 12 ದಾಟಿತ್ತು. ರಿಸರ್ವ್ ಬ್ಯಾಂಕು ಜೂನ್-ಜುಲೈ ಎರಡೇ ತಿಂಗಳಲ್ಲಿ ಮೂರು ಸಲ ರೆಪೋ ದರ ಏರಿಸಿ 9ಕ್ಕೆ ತಂದು ನಿಲ್ಲಿಸಿತು. ರೆಪೋ ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಕೈಗಡ ಕೊಡುವ ದರ ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಆಗಸ್ಟಿನಲ್ಲಿ ಬ್ಯಾಂಕಿನಿಂದ ಬಂದ ಪತ್ರದಿಂದ.

ಪತ್ರ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಸಾಲದ ಟೇಬಲ್ಲಿನ ಸಾಹೇಬರು ಕಂಪ್ಯೂಟರ್ ನೋಡಿ, ಕನ್ನಡಕ ತೆಗೆದು, ಮೆಲ್ಲಗೆ ಹೇಳಿದರು. "ನಿಮ್ಮ ಕಂತು ಈಗ ಬಡ್ಡಿಗೂ ಸಾಲೂದಿಲ್ರೀ."

ಅದರ ಲೆಕ್ಕ ಹೀಗೆ. ಎರಡು ವರ್ಷ ಕಟ್ಟಿದ ಮೇಲೆ ಉಳಿದಿದ್ದ ಅಸಲು ಸುಮಾರು 7 ಲಕ್ಷ 80 ಸಾವಿರ. ಬಡ್ಡಿ ಏರುತ್ತ ಏರುತ್ತ ನೂರಕ್ಕೆ 12 ಆಗಿತ್ತು. ಅಂದರೆ ತಿಂಗಳಿಗೆ ಬಡ್ಡಿಯೇ 7,800. ನಾನು ಕಟ್ಟುತ್ತಿದ್ದದ್ದು 6,943. ತಿಂಗಳಾ ತಿಂಗಳಾ ತಪ್ಪದೆ ಕಂತು ಕಟ್ಟಿದರೂ ಸಾಲ ಎಂಟುನೂರು-ಚಿಲ್ಲರೆ ಬೆಳೆಯುತ್ತದೆ! ಎರಡು ವರ್ಷದಲ್ಲಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಕಟ್ಟಿದ್ದೆ. ಅದರಲ್ಲಿ ಅಸಲಿಗೆ ಹೋದದ್ದು ಇಪ್ಪತ್ತು ಸಾವಿರ ಮಾತ್ರ. ಹೊಸ ಕಂತು 8,830. ಒಂದೇ ಏಟಿಗೆ ಸುಮಾರು ಸಾವಿರದ ಒಂಬೈನೂರು ಜಾಸ್ತಿ.

ಅವತ್ತು ಸಂಜೆ ಕಂಪೌಂಡಿನ ಮುಂದೆ ಉಸುಕು ರಾಶಿ ಬಿದ್ದಿತ್ತು. ತುಂಗಭದ್ರೆಯ ಉಸುಕು, ಹಾವೇರಿ ಕಡೆಯಿಂದ ತರಿಸಿದ್ದು. ಗೌಂಡಿ ಮರುದಿನದಿಂದ ಗಿಲಾವು ಹಿಡಿಯುವವನಿದ್ದ. ಬೇಡ, ಸ್ವಲ್ಪ ದಿನ ಬಿಡು ಅಂದೆ. ಆ ಉಸುಕಿನಲ್ಲಿ ಓಣಿಯ ಹುಡುಗರು ಒಂದು ವರ್ಷ ಆಡಿದರು. ಬೆಕ್ಕುಗಳು ಏನು ಮಾಡಿದವು ಅಂತ ಬರೆಯುವುದಿಲ್ಲ.

ಸೆಪ್ಟೆಂಬರ್ 15ಕ್ಕೆ ಅಮೆರಿಕದ ಆ ಬ್ಯಾಂಕು, ಲೆಹ್ಮನ್ ಬ್ರದರ್ಸ್, ದಿವಾಳಿಯಾಯಿತು. ಅದಕ್ಕೂ ಒಂದು ವಾರ ಮೊದಲು ಅಮೆರಿಕ ಸರ್ಕಾರ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ಗೃಹಸಾಲದ ದೈತ್ಯ ಸಂಸ್ಥೆಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತ್ತು. ಟೀವಿಯಲ್ಲಿ ರಟ್ಟಿನ ಡಬ್ಬಿ ಹಿಡಿದು ಆಫೀಸಿನಿಂದ ಹೊರಬರುವವರ ಚಿತ್ರ. ಅಪ್ಪ ಚಹಾ ಕುಡಿಯುತ್ತ ನೋಡಿದರು. "ಮನಿ ಸಾಲ ಕೊಟ್ಟು ಬ್ಯಾಂಕ್ ಮುಳಗತೈತೇನು? ಮನಿ ಅಲ್ಲೇ ಇರತೈತಲ್ಲ?" ಅಂದರು. ರೈಲ್ವೆ ವ್ಯಾಗನ್ನಿನ ಚಕ್ರ ರಿಪೇರಿ ಮಾಡಿದ ಮನುಷ್ಯ. ವಸ್ತು ಎದುರಿಗೆ ಇದ್ದ ಮೇಲೆ ಅದರ ಬೆಲೆ ಹೇಗೆ ಮಾಯವಾಗುತ್ತದೆ ಅನ್ನುವುದು ಅವರಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

ನನಗೆ ಅದು ಅರ್ಥವಾದದ್ದು ನನ್ನದೇ ಪತ್ರದಿಂದ. ಅಲ್ಲಿ ತೀರಿಸಲು ಆಗದವರಿಗೂ ಸಾಲ ಕೊಟ್ಟಿದ್ದರು. ಮೊದಲ ಎರಡು ವರ್ಷ ಕಡಿಮೆ ಬಡ್ಡಿ, ಆಮೇಲೆ ಏರು. ಏರುವ ಹೊತ್ತಿಗೆ ಮನೆಯ ಬೆಲೆ ಇನ್ನೂ ಏರಿರುತ್ತದೆ, ಅದರ ಮೇಲೆ ಮತ್ತೊಂದು ಸಾಲ ಎತ್ತಿದರಾಯಿತು ಅನ್ನುವ ಧೈರ್ಯ. ಬೆಲೆ ಏರುವುದು ನಿಂತ ದಿನ ಕತೆ ಮುಗಿಯಿತು. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಮನೆ ಬ್ಯಾಂಕಿಗೆ ಬಿಟ್ಟುಕೊಟ್ಟರೆ ಸಾಲಗಾರನ ಮಿಕ್ಕ ಆಸ್ತಿಗೆ ಬ್ಯಾಂಕು ಕೈ ಹಾಕುವಂತಿಲ್ಲ. ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿದವರೂ ಇದ್ದರಂತೆ. ಇಲ್ಲಿ ಹಾಗೆ ಕೀಲಿ ಕಳಿಸಿದರೆ ಕೀಲಿಯೂ ಹೋಗುತ್ತದೆ, ಸಾಲವೂ ಉಳಿಯುತ್ತದೆ. ಅದೂ ಅಲ್ಲದೆ ಅಪ್ಪ ಎಂಟು ಫೂಟು ಪಾಯ ತೆಗೆಸಿದ ಮನೆಯ ಕೀಲಿ ಯಾರು ಕಳಿಸುತ್ತಾರೆ?

ನಮ್ಮ ಬ್ಯಾಂಕುಗಳು ಆಗ ಮುಳುಗಲಿಲ್ಲ. ಅದಕ್ಕೆ ಕಾರಣರಾದವರಲ್ಲಿ ಒಬ್ಬರನ್ನು ನಾನು ಎರಡು ವರ್ಷ ಬೈದಿದ್ದೆ. ವೈ.ವಿ. ರೆಡ್ಡಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದಾಗ ಮನೆಸಾಲಕ್ಕೂ ಬಿಲ್ಡರ್ ಸಾಲಕ್ಕೂ ಮೊದಲೇ ಲಗಾಮು ಹಾಕಿದ್ದರು. 2006ರ ಹೊತ್ತಿಗೆ ಬ್ಯಾಂಕು ಬಿಲ್ಡರಿಗೆ ನೂರು ರೂಪಾಯಿ ಕೊಟ್ಟರೆ ನೂರೈವತ್ತು ಕೊಟ್ಟಂತೆ ಲೆಕ್ಕ ಹಿಡಿದು, ಅದಕ್ಕೆ ತಕ್ಕ ಸ್ವಂತ ಬಂಡವಾಳ ತೆಗೆದಿಡಬೇಕಿತ್ತು. ಸಾಲ ತುಟ್ಟಿಯಾಗುವಂತೆ ಮಾಡಿದ್ದರು ಅಂತಲೇ ಹೇಳಬೇಕು. ಆಗ ನಮ್ಮಂಥವರು ಗೊಣಗಿದ್ದೆವು. ಬಿಲ್ಡರುಗಳಂತೂ ಕೇಳಬೇಡಿ. ರೆಡ್ಡಿಯವರು ಅಧಿಕಾರ ಬಿಟ್ಟದ್ದು 2008ರ ಸೆಪ್ಟೆಂಬರ್ 5ಕ್ಕೆ. ಲೆಹ್ಮನ್ ಬಿದ್ದದ್ದು ಹತ್ತು ದಿನದ ನಂತರ. ಆಮೇಲೆ ಬಂದ ಸುಬ್ಬರಾವ್ ಅವರು ಕುರ್ಚಿ ಬಿಸಿಯಾಗುವ ಮೊದಲೇ ಉಲ್ಟಾ ಗೇರ್ ಹಾಕಬೇಕಾಯಿತು. ಅಕ್ಟೋಬರಿನಲ್ಲಿ 9ರಲ್ಲಿದ್ದ ರೆಪೋ ಏಪ್ರಿಲ್ 2009ಕ್ಕೆ 4.75. ಆರು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ.

ನನ್ನ ಬಡ್ಡಿ? 12ರಿಂದ 11.

ಇಲ್ಲೇ ನೋಡಿ ಕತೆ ಇರುವುದು. 2008ರ ಡಿಸೆಂಬರ್ 7ಕ್ಕೆ ಕೇಂದ್ರ ಸರ್ಕಾರ ಮೊದಲ ಉತ್ತೇಜನಾ ಪ್ಯಾಕೇಜ್ ತಂದಿತು. ಕಾರ್ಖಾನೆ ಮಾಲಿನ ಮೇಲಿನ ಅಬಕಾರಿ ಸುಂಕದಲ್ಲಿ ನೂರಕ್ಕೆ 4 ಕಡಿತ. ಮನೆಸಾಲ ಕೊಡುವ ಕಂಪನಿಗಳಿಗೆ ದುಡ್ಡು ಸಿಗಲಿ ಅಂತ ರಾಷ್ಟ್ರೀಯ ವಸತಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನಿಂದ 4,000 ಕೋಟಿ. ಅದಾಗಿ ಒಂದು ವಾರಕ್ಕೆ ಸರ್ಕಾರಿ ಬ್ಯಾಂಕುಗಳು ಸೇರಿ ಮನೆಸಾಲದ ಯೋಜನೆ ಪ್ರಕಟಿಸಿದವು. 5 ಲಕ್ಷದವರೆಗೆ ಬಡ್ಡಿ 8.5ಕ್ಕಿಂತ ಜಾಸ್ತಿ ಇಲ್ಲ. 5ರಿಂದ 20 ಲಕ್ಷದವರೆಗೆ 9.25ಕ್ಕಿಂತ ಜಾಸ್ತಿ ಇಲ್ಲ. ಐದು ವರ್ಷ ಏರಿಸುವಂತಿಲ್ಲ. ಪ್ರೊಸೆಸಿಂಗ್ ಫೀಸ್ ಇಲ್ಲ, ಮೊದಲೇ ತೀರಿಸಿದರೆ ದಂಡವಿಲ್ಲ, ಮೇಲೆ ಜೀವವಿಮೆ ಪುಕ್ಕಟೆ. ಪೇಪರಿನಲ್ಲಿ ಓದಿ ಅವತ್ತೇ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಓಡಿದೆ.

"ಅದು ಹೊಸಬರಿಗೆ ರೀ," ಅಂದರು ಸಾಹೇಬರು. "ಹಳೆ ಗಿರಾಕಿಗೆ ಇಲ್ಲ."

ಹೊಸ ಗಿರಾಕಿ ನನ್ನ ಪಕ್ಕದಲ್ಲೇ ಇದ್ದರು. ಪಕ್ಕದ ಪ್ಲಾಟಿನ ಮಾಸ್ತರು. ಗದಗಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ದಿನಾ ರೈಲಿನಲ್ಲಿ ಹೋಗಿ ಬರುವವರು. ವರ್ಷಗಟ್ಟಲೆ ಪ್ಲಾಟಿಗೆ ತಂತಿ ಬೇಲಿ ಹಾಕಿ ಸುಮ್ನೆ ಇದ್ದವರು, ಜನವರಿಯಲ್ಲಿ ಸಾಲ ತಗೊಂಡು ಪಾಯ ಪೂಜೆ ಮಾಡಿಯೇಬಿಟ್ಟರು. ಅದೇ ಬ್ಯಾಂಕು, ಅದೇ ಬ್ರಾಂಚು, ಅದೇ ಟೇಬಲ್ಲು. ಅವರಿಗೆ 9.25, ನನಗೆ 11. ನನ್ನ ಸಾಲದ ಮೇಲೆ ಆ ಫರಕು ವರ್ಷಕ್ಕೆ ಹದಿಮೂರು ಸಾವಿರದ ಮೇಲೆ. ಅವರ ತಪ್ಪೇನೂ ಇರಲಿಲ್ಲ, ಪಾಪ. ಆದರೂ ಪೂಜೆಯ ಪ್ರಸಾದ ತಿನ್ನುವಾಗ ನನ್ನ ಗಂಟಲಲ್ಲಿ ಸಿರಾ ಸ್ವಲ್ಪ ಹಿಡಿದುಕೊಂಡಿತು.

ಸಾಲವನ್ನು ಬೇರೆ ಬ್ಯಾಂಕಿಗೆ ಒಯ್ಯುತ್ತೇನೆ ಅಂದರೆ ಉಳಿದ ಅಸಲಿನ ಮೇಲೆ ನೂರಕ್ಕೆ 2 ದಂಡ. ಹದಿನೈದು ಸಾವಿರದ ಆರುನೂರು. ಅಷ್ಟು ದುಡ್ಡಿದ್ದರೆ ಗಿಲಾವೇ ಮುಗಿಯುತ್ತಿತ್ತಲ್ಲ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಈ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದ್ದು 2012ರ ಜೂನಿನಲ್ಲಿ.

ಸಿಟ್ಟಿನಲ್ಲಿ ಮನೆಗೆ ಬಂದು ಅಪ್ಪನ ಮುಂದೆ ಕೂಗಾಡಿದೆ. ರೆಪೋ ಅರ್ಧ ಆಗ್ತಿದೆ, ನನಗೆ ಯಾಕೆ ಇಳಿಸಲ್ಲ ಇವರು? ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಹೋಗಿ ಟ್ರಂಕು ತೆಗೆದು, ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ಹೊರತೆಗೆದು ತೋರಿಸಿದರು. ಅದೇ ಬ್ಯಾಂಕಿನ ಎಫ್‌ಡಿ ರಸೀದಿ. ಅಕ್ಟೋಬರಿನಲ್ಲಿ ಇಟ್ಟದ್ದು, ಮೂರು ಲಕ್ಷ, ಬಡ್ಡಿ ನೂರಕ್ಕೆ 10.5, ಒಂದು ಸಾವಿರ ದಿನಕ್ಕೆ. "ನನಗ ಇಷ್ಟು ಕೊಡತೇನಿ ಅಂತ ಬರದು ಕೊಟ್ಟಾರ. ನಿನ್ನ ಕಡೆ ತಗೊಳ್ಳಲಾರದ ಎಲ್ಲಿಂದ ಕೊಡತಾರ?"

ನಾನು ಸುಮ್ಮನಾದೆ. ದುಡ್ಡಿನ ಬರ ಬಿದ್ದ ಆ ತಿಂಗಳುಗಳಲ್ಲಿ ಬ್ಯಾಂಕುಗಳು ಠೇವಣಿಗೆ ಕಿತ್ತಾಡಿ ಹತ್ತು, ಹತ್ತೂವರೆ ಅಂತ ಬರೆದು ಕೊಟ್ಟಿದ್ದವು. ರೆಪೋ ಇಳಿದರೂ ಆ ಬರೆದುಕೊಟ್ಟದ್ದು ಇಳಿಯುವುದಿಲ್ಲ. ಕಳೆದುಕೊಳ್ಳುವ ಭಯವಿಲ್ಲದ ಗಿರಾಕಿಯ ಬಡ್ಡಿಯನ್ನು ಮೇಲೆ ಇಟ್ಟು, ಹೊಸ ಗಿರಾಕಿಗೆ ಇಳಿಸುವುದು ಯಾವ ಅಂಗಡಿಯವನಾದರೂ ಮಾಡುವ ಕೆಲಸ. ನನ್ನ ಸಾಲದ ಬಡ್ಡಿ ಒಂದು ಕೋಣೆಯಿಂದ ಹೊರಟು, ಬ್ಯಾಂಕಿನ ಬಾಗಿಲು ಸುತ್ತಿ, ಪಡಸಾಲೆಯಲ್ಲಿ ಕೂತ ಅಪ್ಪನ ಪಾಸ್‌ಬುಕ್ಕಿಗೆ ಬಂದು ಸೇರುತ್ತಿತ್ತು. ದಾರಿಯಲ್ಲಿ ಅರ್ಧ ಪರ್ಸೆಂಟ್ ಬ್ಯಾಂಕಿನ ಪಾಲು.

ಹಾಗಾದರೆ ಆ ಮೂರು ಲಕ್ಷ ಸಾಲಕ್ಕೆ ಕಟ್ಟಿಬಿಡೋಣ ಅಂದೆ. ಅಪ್ಪ ರಸೀದಿ ಮಡಚಿದರು. "ಮುದುಕರ ಕೈಯಾಗ ನಾಕು ರೊಕ್ಕ ಇರಬೇಕು, ತಮ್ಮಾ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಆಗ ನನ್ನ ಸಿಟ್ಟಿಗೆ ಸರಿಯಾದ ಗುರಿ ಸಿಕ್ಕಿರಲಿಲ್ಲ. ಈಗ ಯೋಚಿಸಿದರೆ ಅನ್ನಿಸುವುದು ಇಷ್ಟು. ಸರ್ಕಾರಕ್ಕೆ ಬಿಕ್ಕಟ್ಟಿನಲ್ಲಿ ಬೇಕಾಗಿದ್ದದ್ದು ಮನೆಯಲ್ಲ, ಮನೆ ಕಟ್ಟುವ ಕೆಲಸ. ನಾನು ಕಟ್ಟಿ ಮುಗಿಸಿಬಿಟ್ಟಿದ್ದೆ. ನನ್ನ ಕಂತು ಇಳಿಸಿದರೆ ಒಂದು ಚೀಲ ಸಿಮೆಂಟೂ ಜಾಸ್ತಿ ಮಾರಾಟವಾಗುವುದಿಲ್ಲ. ಮಾಸ್ತರಿಗೆ ಇಳಿಸಿದರೆ ಸಿಮೆಂಟು, ಸಳಿ, ಖಡಿ, ಉಸುಕು, ಲಾರಿ, ಬಾಗಿಲು ಮಾಡುವ ಬಡಗಿ, ಎಲ್ಲ ಓಡುತ್ತವೆ. ಒಳಗೆ ಕೂತು ಕಷ್ಟಪಟ್ಟು ಕಂತು ಕಟ್ಟುವವನು ಹೇಗೂ ಕಟ್ಟುತ್ತಾನೆ. ಅವನಿಗೆ ಯಾಕೆ ಕೊಡಬೇಕು?

ಇದೇ ಮಾತನ್ನು ಸವಣೂರಿನ ನಮ್ಮ ಕಾಕಾ ಬೇರೆ ರೀತಿ ಹೇಳುತ್ತಿದ್ದ. ಅದೇ 2008ರ ಬಜೆಟ್ಟಿನಲ್ಲಿ ರೈತರ ಸಾಲಮನ್ನಾ ಬಂತಲ್ಲ, ಅದು 2007ರ ಕೊನೆಗೆ ಬಾಕಿ ಉಳಿಸಿಕೊಂಡವರ ಸಾಲಕ್ಕೆ. ಕಾಕಾ ಮೆಣಸಿನಕಾಯಿ ಬ್ಯಾಡಗಿಗೆ ಒಯ್ದು ಮಾರಿ, ಬಂದ ದುಡ್ಡಲ್ಲಿ ಮೊದಲು ಸೊಸೈಟಿ ಸಾಲ ತುಂಬಿದ್ದ. "ನಾ ಶಾಣ್ಯಾ ಆಗಿದ್ದಕ್ಕ ದಂಡ" ಅಂತ ವರ್ಷಗಟ್ಟಲೆ ಹೇಳಿದ.

ಆದರೆ ಗೌಂಡಿಯ ವಿಷಯ ಹೇಳದಿದ್ದರೆ ನಾನು ಬರೀ ನನ್ನ ದುಃಖ ಹೇಳಿಕೊಂಡಂತಾಗುತ್ತದೆ. ನಮ್ಮ ಮನೆ ಕಟ್ಟಿದ ಗೌಂಡಿ ಅಣ್ಣಿಗೇರಿ ಕಡೆಯವನು. ಲೆಹ್ಮನ್ ಬಿದ್ದ ಮೇಲೆ ಎರಡು ತಿಂಗಳಲ್ಲಿ ಅವನು ಹಿಡಿದಿದ್ದ ಎರಡು ಕೆಲಸ ನಿಂತವು. ಒಂದು ಗೋಕುಲ ರೋಡಿನ ಕಡೆ ಅಪಾರ್ಟ್‌ಮೆಂಟು, ಬಿಲ್ಡರು ಎರಡನೇ ಸ್ಲ್ಯಾಬಿಗೆ ಕೈ ಎತ್ತಿದ. ಇನ್ನೊಂದು ಬೆಂಗಳೂರಿನಲ್ಲಿದ್ದ ಹುಡುಗನೊಬ್ಬನ ಮನೆ, ಅವನ ಕೆಲಸದ ಗ್ಯಾರಂಟಿಯೇ ಹೋಯಿತು. ಗೌಂಡಿ ಬಾಕಿ ಇದ್ದ ಎಂಟುನೂರು ರೂಪಾಯಿ ಕೇಳುವ ನೆಪದಲ್ಲಿ ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದ. ಕಂಪೌಂಡ್ ಗೋಡೆಯ ಮೇಲೆ ಕೈ ಆಡಿಸುತ್ತ ನಿಂತ. "ಸರ, ಅಮೆರಿಕಾದಾಗ ಬ್ಯಾಂಕ್ ಮುಳಗಿದ್ರ ನನ್ನ ಕರಣಿ ಯಾಕ ಖಾಲಿ ಕುಂತೈತ್ರೀ?" ಅಂದ. ನಗುತ್ತಲೇ ಅಂದ. ಅವನ ಜೊತೆ ಬಂದಿದ್ದ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ಅವತ್ತು ಶಾಲೆಗೆ ಹೋಗಿರಲಿಲ್ಲ. ಅವ್ವ ಇಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಹುಡುಗ ಐದು ರೊಟ್ಟಿ ತಿಂದ. ನಾನು ಎಣಿಸಿದ್ದಲ್ಲ. ಅವ್ವ ಆಮೇಲೆ ಹೇಳಿದ್ದು.

ಮಾಸ್ತರ ಮನೆಯ ಕೆಲಸ ಸಿಕ್ಕಿದ್ದು ಇವನಿಗೇ. ನಾನೇ ಹೇಳಿ ಕೊಡಿಸಿದೆ. ಜನವರಿಯಿಂದ ಹತ್ತು ತಿಂಗಳು ಅವನಿಗೂ, ಅವನ ಕೈಕೆಳಗಿನ ಆರೇಳು ಜನಕ್ಕೂ ಆ ಒಂದು ಮನೆ ಅನ್ನ ಹಾಕಿತು. ನನಗೆ ಸಿಗದ 9.25ರ ಸಾಲದಿಂದ ಕಟ್ಟಿದ ಮನೆ. ಹಾಗಾಗಿ ಆ ಪ್ಯಾಕೇಜನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಮಾಸ್ತರು ತಮ್ಮ ಕಡೆಯ ಗೋಡೆಗೆ ಗಿಲಾವು ಮಾಡಿಸುವ ದಿನ ಗೌಂಡಿ ನನ್ನ ಕಡೆ ಬಗ್ಗಿ ನೋಡಿ, "ಈ ಕಡಿನೂ ಎಳೀಲೇನ್ರೀ ಸರ? ಮಾಲು ಕಲಿಸೇತಿ" ಅಂದ. ಮಾಸ್ತರ ಸಿಮೆಂಟು ಅದು. ಬೇಡ ಅಂದೆ. ಮರ್ಯಾದೆಯೋ ಹೊಟ್ಟೆಕಿಚ್ಚೋ ಈಗಲೂ ಹೇಳಲಾರೆ.

ಇನ್ನೊಂದು ತಮಾಷೆ. ಜನವರಿ 2009ರ ಎರಡನೇ ಪ್ಯಾಕೇಜಿನಲ್ಲಿ ನಗರಗಳಿಗೆ ಬಸ್ಸು ಕೊಳ್ಳಲು ದುಡ್ಡಿತ್ತು. ಹುಬ್ಬಳ್ಳಿ-ಧಾರವಾಡ ಆ ಯೋಜನೆಯ ಪಟ್ಟಿಯಲ್ಲೇ ಇರಲಿಲ್ಲ. ಕರ್ನಾಟಕದಿಂದ ಇದ್ದದ್ದು ಬೆಂಗಳೂರು, ಮೈಸೂರು. ಆದರೆ ಆಗ ಅಂಥ ಬಸ್ಸು ಕಟ್ಟುತ್ತಿದ್ದ ಟಾಟಾ ಮಾರ್ಕೊಪೋಲೊ ಕಾರ್ಖಾನೆ ಇದ್ದದ್ದು ಧಾರವಾಡದಲ್ಲಿ. ಬಸ್ಸು ನಮಗಿಲ್ಲ, ಬಸ್ಸು ಕಟ್ಟುವ ಕೂಲಿ ನಮಗೆ. ಗೌಂಡಿಯದ್ದೂ ಅದೇ ಕತೆ ಅಲ್ವಾ?

ಅಮೆರಿಕದಲ್ಲಿ ನನ್ನಂಥ ಹಳೆ ಗಿರಾಕಿಗೇ ಅಂತ ಒಂದು ಯೋಜನೆ ಮಾಡಿದರು ಅಂತ ಆಮೇಲೆ ಓದಿದೆ. ಬ್ಯಾಂಕುಗಳನ್ನು ಎತ್ತಲು 70,000 ಕೋಟಿ ಡಾಲರಿನ ಕಾನೂನು 2008ರ ಅಕ್ಟೋಬರ್ 3ಕ್ಕೇ ಆಗಿತ್ತು. ಮನೆಯೊಳಗೆ ಇರುವವರ ಯೋಜನೆ ಬಂದದ್ದು 2009ರಲ್ಲಿ, ಒಬಾಮ ಬಂದ ಮೇಲೆ. ಸಾಲಗಾರನ ಕಂತು ಅವನ ಆದಾಯದ ನೂರಕ್ಕೆ 31ಕ್ಕಿಂತ ಮೇಲಿದ್ದರೆ, ಅಲ್ಲಿಗೆ ಇಳಿಸುವಂತೆ ಸಾಲ ತಿದ್ದಿ ಬರೆಯುವುದು. ಓದುತ್ತ ಓದುತ್ತ ನನ್ನ ಕಂತನ್ನೂ ಆ ಲೆಕ್ಕಕ್ಕೆ ಹಾಕಿ ನೋಡಿದೆ. 8,830ಕ್ಕೆ ನನ್ನ ಆಗಿನ ಸಂಬಳ ಹದಿನಾರು ಸಾವಿರ. ನೂರಕ್ಕೆ ಐವತ್ತೈದು! ಆಸೆ ಹುಟ್ಟಿಸುವಂಥ ಯೋಜನೆ. ಆದರೆ 30ರಿಂದ 40 ಲಕ್ಷ ಕುಟುಂಬ ಅಂತ ಹೊರಟದ್ದು, 2016ರ ಕೊನೆಗೆ ಬಾಗಿಲು ಹಾಕಿದಾಗ ಕಾಯಂ ಆಗಿ ಸಾಲ ತಿದ್ದಿಸಿಕೊಂಡವರು ಅದರ ಅರ್ಧದ ಆಸುಪಾಸು. ತಿದ್ದಿ ಬರೆಯುವ ಕೆಲಸ ಕೊಟ್ಟದ್ದು ಸಾಲ ವಸೂಲಿ ಮಾಡುವ ಅದೇ ಕಂಪನಿಗಳಿಗೆ. ಕಾಗದ ಕಳೆದುಹೋಯಿತು, ಇನ್ನೊಮ್ಮೆ ಕಳಿಸಿ, ಅದೂ ಕಳೆದುಹೋಯಿತು. ಕೌಂಟರಿನ ಈ ಭಾಷೆ ಮಾತ್ರ ಎಲ್ಲ ದೇಶದಲ್ಲೂ ಒಂದೇ ಅಂತ ಕಾಣುತ್ತದೆ.

ನಮ್ಮಲ್ಲಿ ಕಾಗದ ಕಳೆಯಲಿಲ್ಲ. ನಮಗೆ ಹೇಳಲೇ ಇಲ್ಲ. 2010ರ ಜುಲೈನಲ್ಲಿ ಬಡ್ಡಿ ನಿಗದಿ ಮಾಡುವ ಹಳೆ ಪದ್ಧತಿ ಹೋಗಿ ಬೇಸ್ ರೇಟ್ ಬಂತು, ಅಂದರೆ ಇದಕ್ಕಿಂತ ಕೆಳಗೆ ಸಾಲ ಕೊಡುವಂತಿಲ್ಲ ಅನ್ನುವ ಮೂಲ ದರ. ಹಳೆ ಸಾಲ ಹಳೆ ಪದ್ಧತಿಯಲ್ಲೇ ಉಳಿಯಿತು, ಬೇಕಾದವರು ಬಂದು ಕೇಳಬೇಕು. 2016ರ ಏಪ್ರಿಲಿನಲ್ಲಿ ಎಂಸಿಎಲ್ಆರ್, ಅಂದರೆ ಬ್ಯಾಂಕಿಗೆ ಹೊಸದಾಗಿ ದುಡ್ಡು ತರಲು ತಗಲುವ ಖರ್ಚಿನ ಮೇಲೆ ಲೆಕ್ಕ ಹಾಕುವ ದರ. ಅಲ್ಲೂ ಅದೇ. 2019ರ ಅಕ್ಟೋಬರಿನಿಂದ ಹೊಸ ಸಾಲಗಳ ಬಡ್ಡಿಯನ್ನು ರೆಪೋದಂಥ ಹೊರಗಿನ ದರಕ್ಕೇ ಕಟ್ಟಿಹಾಕಿದರು. ಅಲ್ಲೂ ಹೊಸಬರು ಮೊದಲು. ಪ್ರತಿ ಸಲ ಗೊತ್ತಾಗುವ ಹೊತ್ತಿಗೆ ಒಂದೆರಡು ವರ್ಷ ಆಗಿರುತ್ತಿತ್ತು. ಪ್ರತಿ ಸಲ ಅರ್ಜಿ ಕೊಟ್ಟು, ಬದಲಾವಣೆ ಶುಲ್ಕ ಕೊಟ್ಟು ಬಂದೆ. ಲೆಕ್ಕ ಬರೆಯುವವನಿಗೇ ಈ ಗತಿ.

ತಮ್ಮನ ವಿಷಯ ಬಿಟ್ಟೆ. 2009ರಲ್ಲಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಪ್ರಾಜೆಕ್ಟು ಕೊಡದೆ ಸುಮ್ಮನೆ ಕೂರಿಸಿದರು, ಅವರ ಭಾಷೆಯಲ್ಲಿ ಬೆಂಚಿನ ಮೇಲೆ. ಸಂಬಳದ ಒಂದು ಭಾಗ ನಿಂತಿತು. ಎಂಟು ತಿಂಗಳು ಮೂರು ಸಾವಿರ ಬರಲಿಲ್ಲ. ಅವ್ವನ ಭಿಶಿ (ಚೀಟಿ) ದುಡ್ಡು, ಹೆಂಡತಿಯ ಎರಡು ಬಳೆ ಕಂತಿಗೆ ಹೋದವು. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದೇ.

ಅದಕ್ಕಿಂತ 2020ರಲ್ಲಿ ಅವನಿಗೆ ಆದದ್ದು ಹೇಳುವಂಥದ್ದು. ಅಷ್ಟರಲ್ಲಿ ಅವನು ಬೆಂಗಳೂರಿನಲ್ಲಿ ಫ್ಲ್ಯಾಟು ತಗೊಂಡಿದ್ದ. ಸಾಲ ಉಳಿದದ್ದು 38 ಲಕ್ಷ, ಬಡ್ಡಿ 8, ಕಂತು 33 ಸಾವಿರದ ಮೇಲೆ, ಇನ್ನೂ 18 ವರ್ಷ. ಕೊರೊನಾ ಬಂತು. ಈ ಸಲ ಸರ್ಕಾರ ಹಳೆ ಗಿರಾಕಿಯನ್ನೂ ನೆನಪಿಸಿಕೊಂಡಿತು. ಮಾರ್ಚ್ 1ರಿಂದ ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ತಮ್ಮ ಖುಷಿಯಿಂದ ಫೋನ್ ಮಾಡಿದ. "ಆರು ತಿಂಗಳು ಮಾಫಿ ಅಣ್ಣ!"

ಮಾಫಿ ಅಲ್ಲಪ್ಪಾ, ಮುಂದಕ್ಕೆ ಹಾಕಿದ್ದು ಅಷ್ಟೇ, ಬಡ್ಡಿ ಓಡುತ್ತಲೇ ಇರುತ್ತದೆ ಅಂತ ಹೇಳಿದೆ. ಅವನಿಗೆ ಬೇರೆ ದಾರಿಯೂ ಇರಲಿಲ್ಲ, ಸಂಬಳ ಕಡಿತ ಆಗಿತ್ತು. ಆರು ಕಂತು ಬಿಟ್ಟ. ಒಂದೂವರೆ ಲಕ್ಷದ ಮೇಲೆ ಬಡ್ಡಿ ಅಸಲಿಗೆ ಸೇರಿತು. ಅದೇ ಕಂತು ಮುಂದುವರಿಸಿದರೆ, ಅದೇ ಬಡ್ಡಿಗೆ, 216 ಕಂತಿನಲ್ಲಿ ತೀರಬೇಕಾದ ಸಾಲ 237 ಕಂತಿಗೆ ಹೋಗುತ್ತದೆ. ಆರು ಬಿಟ್ಟು ಇಪ್ಪತ್ತೊಂದು ತಗೊಂಡ. ಆಮೇಲೆ ಬಡ್ಡಿಯ ಮೇಲಿನ ಬಡ್ಡಿ ತಪ್ಪು ಅಂತ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2 ಕೋಟಿವರೆಗಿನ ಸಾಲಗಾರರಿಗೆ ಆ ಭಾಗವನ್ನು ಸರ್ಕಾರ ತುಂಬಿಕೊಟ್ಟಿತು. ಎಷ್ಟು ಬಂತು ಅಂತ ಕೇಳಿದೆ. "ಎರಡೂವರೆ ಸಾವಿರ ಚಿಲ್ಲರೆ" ಅಂದ. ಲೆಕ್ಕ ಹಾಕಿ ನೋಡಿದೆ. ಸರಿಯಾಗಿಯೇ ಕೊಟ್ಟಿದ್ದರು. ಬಡ್ಡಿಯ ಮೇಲಿನ ಬಡ್ಡಿ ಅಷ್ಟೇ ಆಗುವುದು. ದೊಡ್ಡದು ಬಡ್ಡಿ.

ಅಪ್ಪ ಆಗ ಇರಲಿಲ್ಲ. ಅವರ ಎಫ್‌ಡಿ ಅವ್ವನ ಹೆಸರಿಗೆ ಬಂದಿತ್ತು. 2020ರ ಮೇ ತಿಂಗಳಲ್ಲಿ ರೆಪೋ 4ಕ್ಕೆ ಇಳಿದಾಗ ಅವ್ವನ ಠೇವಣಿಯ ಬಡ್ಡಿ ಐದೂವರೆ ಹತ್ತಿರ ಬಂತು. ಹತ್ತೂವರೆ ನೋಡಿದ ಮನೆ ಅದು. ಔಷಧಿ ಅಂಗಡಿಯ ಬಿಲ್ಲು ಮಾತ್ರ ಇಳಿಯಲಿಲ್ಲ. "ನಾ ಯಾರ ಸಾಲಾನೂ ಮಾಡಿಲ್ಲ, ನನಗ್ಯಾಕ ಕಡಿಮಿ ಮಾಡಿದ್ರು?" ಅಂತ ಅವ್ವ ಕೇಳಿದಳು. ಕೊರೊನಾ ಅಂತ ಹೇಳಿದೆ. ಅವಳು ನಂಬಲಿಲ್ಲ. ಅಪ್ಪ ಇದ್ದಿದ್ದರೆ ಟ್ರಂಕು ತೆಗೆದು ಏನಾದರೂ ಒಂದು ಕಾಗದ ತೋರಿಸುತ್ತಿದ್ದರು.

ನನ್ನ ಸಾಲ 2024ರ ಜನವರಿಯಲ್ಲಿ ತೀರಿತು. ಸ್ವಲ್ಪ ಮೊದಲೇ. ಮೊದಲೆಲ್ಲ ಸಾಲ ತೀರಿದ ಮೇಲೆ ಕಾಗದಪತ್ರ ವಾಪಸ್ ಪಡೆಯಲು ಚಪ್ಪಲಿ ಸವೆಯುತ್ತಿತ್ತು. 2023ರ ಡಿಸೆಂಬರಿನಿಂದ 30 ದಿನದೊಳಗೆ ಕೊಡಲೇಬೇಕು, ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಬಂದಿದೆ. ಹತ್ತೊಂಬತ್ತನೇ ದಿನ ಫೋನ್ ಬಂತು. ಖರೀದಿ ಪತ್ರ, ಉತಾರ, ನಕಾಶೆ. ಹದಿನೇಳು ವರ್ಷ ಎಲ್ಲೋ ಕತ್ತಲೆಯಲ್ಲಿ ಇದ್ದ ಕಾಗದ. ಖರೀದಿ ಪತ್ರದ ಮೇಲೆ ಅಪ್ಪನ ಸಹಿ, ಶಾಯಿ ಪೆನ್ನಿನದು, ಸ್ವಲ್ಪ ಹರಡಿತ್ತು. ಉತಾರದ ಮೇಲೆ ಬರೆದಿದ್ದ ಬ್ಯಾಂಕ್ ಸಾಲದ ಬೋಜಾ ಇಳಿಸಲು ಇನ್ನೊಂದು ಆಫೀಸಿಗೆ ಮೂರು ಸಲ ಹೋಗಿ ಬಂದೆ. ಅದು ಬೇರೆ ಬರಹಕ್ಕೆ ಆಗುತ್ತದೆ.

ಕಳೆದ ವರ್ಷ, 2025ರಲ್ಲಿ, ರೆಪೋ ಮತ್ತೆ ಇಳಿಯಲು ಶುರುವಾಯಿತು. ಫೆಬ್ರವರಿ, ಏಪ್ರಿಲ್, ಜೂನ್. ಆರೂವರೆಯಿಂದ ಐದೂವರೆ. ಪಕ್ಕದ ಮಾಸ್ತರ ಮಗ ಮೇಲೆ ಒಂದು ಮನೆ ಎತ್ತುತ್ತೇನೆ ಅಂತ ಸಾಲ ತಗೊಂಡ. ಕೆಲಸ ಹಿಡಿದದ್ದು ಗೌಂಡಿಯ ಮಗ. ಅವತ್ತು ಐದು ರೊಟ್ಟಿ ತಿಂದ ಹುಡುಗ, ಈಗ ಕಾಂಟ್ರ್ಯಾಕ್ಟರು, ಬುಲೆಟ್ಟಿನ ಮೇಲೆ ಬರುತ್ತಾನೆ. ಅದೇ ತಿಂಗಳು ಅವ್ವನ ಎಫ್‌ಡಿ ನವೀಕರಣಕ್ಕೆ ಬಂದಿತ್ತು. ಬ್ಯಾಂಕಿನಿಂದ ಬಂದು ಹೊಸ ಬಡ್ಡಿ ಎಷ್ಟು ಅಂತ ಹೇಳಿದೆ. ಅವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಗೋಡೆಯ ಆಚೆ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು.

"ಮತ್ತ ಇಳೀತು?"

"ಹೂಂ."

"ಅವಂಗೂ ಇಳೀತೇನು?" ಅಂತ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಇಳೀತವ್ವ. ಅವಂಗ ಛಲೋನ ಆತು."

ಅವ್ವ ಎರಡು ಕಾಯಿ ಸುಲಿದಳು. "ಆಗಲಿ ಬಿಡು. ಹಂಗಾರ ಗಿಲಾವು ಮಾಡಿಸೋ ದಿನ ನಮ್ಮ ಕಡಿನೂ ಒಂದು ಕೈ ಎಳಸು ಅಂತ ಹೇಳು ಅವಂಗ."